ಕ್ಷಮೆಯ ಹಾದಿಯಲ್ಲಿ ವಿಲಿಯಂ ಕೇರಿ

ಕೋಲ್ಕತ್ತಾದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಶ್ರೀರಾಂಪುರ ಅಪರಿಚಿತ ಊರೇನಲ್ಲ. ಹೌರಾದಿಂದ ಲೋಕಲ್ ರೈಲು ಹತ್ತಿದರೆ ಇಪ್ಪತ್ತು ಕಿಲೋಮೀಟರ್ ದೂರ. ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿ, ಬ್ಯಾರಕ್‌ಪುರಕ್ಕೆ ಎದುರಾಗಿ, ಎತ್ತರದ ಕಂಬಗಳ ಕಾಲೇಜು ಕಟ್ಟಡವೊಂದು ನಿಂತಿದೆ. ಅದನ್ನು ಕಟ್ಟಿಸಿದ ಮೂವರಲ್ಲಿ ಹಿರಿಯರಾದ ವಿಲಿಯಂ ಕೇರಿಯವರನ್ನು ಬಂಗಾಳಿಗಳು ತಮ್ಮ ಗದ್ಯ ಸಾಹಿತ್ಯದ ಆದಿಪುರುಷರಲ್ಲಿ ಒಬ್ಬರೆಂದು ಗೌರವಿಸುತ್ತಾರೆ. ಕನ್ನಡಿಗರಾದ ನಮಗೂ ಅವರೊಡನೆ ಒಂದು ಋಣಾನುಬಂಧವಿದೆ. 1817ರಲ್ಲಿ ಇದೇ ಶ್ರೀರಾಂಪುರದ ಮುದ್ರಣಾಲಯದಿಂದ ಅವರು ರಚಿಸಿದ ಕನ್ನಡ ವ್ಯಾಕರಣ ಹೊರಬಂದಿತು. ಕನ್ನಡ ಅಕ್ಷರಗಳು ಅಚ್ಚಿನಲ್ಲಿ ಮೂಡಿದ ಅತಿ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಗುವುದಕ್ಕೆ ಇನ್ನೂ 77 ವರ್ಷಗಳಿದ್ದವು.

ಕೇರಿಯವರ ಪಾಂಡಿತ್ಯವನ್ನು ಕುರಿತು ಬರೆದವರು ಅನೇಕರಿದ್ದಾರೆ. ಅವರ ಬಾಳಿನ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಲ್ಲ. ಅದು ಕ್ಷಮೆಯ ಮುಖ. ಮೋಸಹೋದದ್ದು, ಮಗ ದೂರವಾದದ್ದು, ಗೆಳೆಯರು ಬೇರೆಯಾದದ್ದು, ತಮ್ಮ ಕಡೆಯವರೇ ತಪ್ಪು ಮಾಡಿದ್ದು, ಇವೆಲ್ಲವೂ ಅವರ ಬದುಕಿನಲ್ಲಿ ನಡೆದವು. ಅರ್ಹತೆ ನೋಡದೆ ದೊರೆಯುವ ದೇವರ ಕೃಪೆಯನ್ನು ಪಡೆದವನು ಅದನ್ನು ಇತರರಿಗೂ ಹಂಚಬೇಕೆಂಬುದು ಕ್ರೈಸ್ತ ನಂಬಿಕೆಯ ತಿರುಳು. ಈ ನಂಬಿಕೆ ಒಬ್ಬ ಮನುಷ್ಯನ ದಿನನಿತ್ಯದ ಬಾಳಿನಲ್ಲಿ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಅರಿಯಲು ಕೇರಿಯವರ ಜೀವನ ಒಳ್ಳೆಯ ದೃಷ್ಟಾಂತ.

ಖೋಟಾ ನಾಣ್ಯದ ಪಾಠ

ವಿಲಿಯಂ ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ. ತಂದೆ ನೇಕಾರರು, ಮುಂದೆ ಹಳ್ಳಿಯ ಶಾಲಾ ಉಪಾಧ್ಯಾಯರಾದರು. ಬಿಸಿಲಿಗೆ ಮೈಯೊಡ್ಡಲಾಗದ ಚರ್ಮದ ತೊಂದರೆಯಿಂದಾಗಿ ಹುಡುಗನಿಗೆ ಹೊಲದ ಕೆಲಸ ಒಗ್ಗಲಿಲ್ಲ. ಪಕ್ಕದ ಪಿಡಿಂಗ್ಟನ್ ಎಂಬಲ್ಲಿ ಚಪ್ಪಲಿ ಹೊಲಿಯುವವರ ಬಳಿ ಕೆಲಸ ಕಲಿಯಲು ಸೇರಿಸಿದರು.

ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಕೇರಿಯವರು ವೃದ್ಧಾಪ್ಯದವರೆಗೂ ಮರೆಯಲಿಲ್ಲ. ಕ್ರಿಸ್‌ಮಸ್ ಸಮಯದಲ್ಲಿ ಅಂಗಡಿಯವರು ಕೆಲಸದ ಹುಡುಗರಿಗೆ ಪುಡಿಗಾಸು ಇನಾಮು ಕೊಡುವುದು ಅಲ್ಲಿಯ ವಾಡಿಕೆ. ಕಬ್ಬಿಣದ ಸಾಮಾನಿನ ವ್ಯಾಪಾರಿಯೊಬ್ಬರು ವಿಲಿಯಂಗೆ ಒಂದು ಷಿಲಿಂಗ್ ಕೊಟ್ಟರು. ಹೊರಗೆ ಬಂದು ನೋಡಿದರೆ ಅದು ಖೋಟಾ ನಾಣ್ಯ. ಅಷ್ಟರಲ್ಲಿ ಹುಡುಗ ತನಗೆ ಬೇಕಾದ ವಸ್ತುಗಳನ್ನು ಕೊಂಡಾಗಿತ್ತು. ಯಜಮಾನರ ಹಣದಲ್ಲಿದ್ದ ಒಳ್ಳೆಯ ಷಿಲಿಂಗನ್ನು ತಾನಿಟ್ಟುಕೊಂಡು, ಖೋಟಾ ನಾಣ್ಯ ಅವರ ಪಾಲಿಗೆ ಬಂದದ್ದೆಂದು ಸುಳ್ಳು ಹೇಳಲು ನಿಶ್ಚಯಿಸಿದ. ದಾರಿಯುದ್ದಕ್ಕೂ, ಇದೊಂದು ಸಲ ಪಾರುಮಾಡಿದರೆ ಇನ್ನೆಂದೂ ತಪ್ಪು ಮಾಡುವುದಿಲ್ಲವೆಂದು ದೇವರನ್ನು ಬೇಡಿಕೊಂಡ. ದೇವರು ಪಾರುಮಾಡಲಿಲ್ಲ. ಯಜಮಾನರು ವಿಚಾರಿಸಿದರು, ಸತ್ಯ ಬಯಲಾಯಿತು.

ನಾಚಿಕೆಯಿಂದ ಹುಡುಗ ಕುಗ್ಗಿಹೋದ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಾಗಿರುವುದೆಂದು ಹೊರಗೆ ಮುಖ ತೋರಿಸಲೂ ಹಿಂಜರಿದ. ಅದುವರೆಗೆ ವಾದದಲ್ಲಿ ಗೆಲ್ಲುವುದೇ ಧರ್ಮವೆಂದು ತಿಳಿದಿದ್ದವನಿಗೆ ತನ್ನ ಒಳಗಿನ ಕೊಳೆ ಕಾಣಿಸಿತು. ತನ್ನ ಯೋಗ್ಯತೆಯಿಂದ ತಾನು ಒಳ್ಳೆಯವನಾಗಲಾರೆ, ಕೃಪೆಯಿಂದ ಮಾತ್ರ ಸಾಧ್ಯವೆಂಬ ಅರಿವು ಹುಟ್ಟಿದ್ದು ಹೀಗೆ, ಒಂದು ಷಿಲಿಂಗಿನ ಸುಳ್ಳಿನಿಂದ. ಮುಂದೆ ಇತರರ ತಪ್ಪುಗಳನ್ನು ತೂಗುವಾಗ ಅವರ ತಕ್ಕಡಿಯ ಒಂದು ತಟ್ಟೆಯಲ್ಲಿ ಈ ನಾಣ್ಯ ಸದಾ ಇದ್ದಂತೆ ತೋರುತ್ತದೆ.

1783ರಲ್ಲಿ ಅವರು ನೆನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಪಂಗಡಕ್ಕೆ ಸೇರಿದರು. ಚಪ್ಪಲಿ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. ಮೌಲ್ಟನ್ನಿನಲ್ಲಿಯೂ ಅನಂತರ ಲೆಸ್ಟರಿನಲ್ಲಿಯೂ ಸಭಾಪಾಲಕರಾದರು. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ಹದಿಮೂರು ಪೌಂಡುಗಳಿಗೆ ತುಸು ಹೆಚ್ಚಿನ ವಂತಿಗೆಯೊಡನೆ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿತು. ಅದರ ಮೊದಲ ಪ್ರಚಾರಕರಾಗಿ ಭಾರತಕ್ಕೆ ಹೊರಟವರು ಇಬ್ಬರು: ಈ ಹಿಂದೆ ಬಂಗಾಳದಲ್ಲಿದ್ದ ವೈದ್ಯ ಜಾನ್ ಥಾಮಸ್ ಮತ್ತು ವಿಲಿಯಂ ಕೇರಿ.

ಸಾಲಗಾರ ಗೆಳೆಯ, ನೊಂದ ಮಡದಿ

ಡಾಕ್ಟರ್ ಥಾಮಸ್ ಒಳ್ಳೆಯ ಮನಸ್ಸಿನವರು, ಹಣದ ವಿಷಯದಲ್ಲಿ ಮಾತ್ರ ಹತೋಟಿಯಿಲ್ಲದವರು. ಅವರ ಸಾಲಗಾರರ ಕಾಟದಿಂದಾಗಿ, ಹತ್ತಿದ್ದ ಹಡಗಿನಿಂದ ಇಬ್ಬರೂ ಇಳಿಯಬೇಕಾಯಿತು. ಕೊನೆಗೆ 1793ರ ಜೂನ್ ತಿಂಗಳಲ್ಲಿ ಡೆನ್ಮಾರ್ಕಿನ ಹಡಗೊಂದು ಸಿಕ್ಕಿತು. ಮೊದಲು ಬರಲೊಲ್ಲೆನೆಂದಿದ್ದ ಕೇರಿಯವರ ಪತ್ನಿ ಡೊರೊಥಿ, ತಂಗಿಯೂ ಜೊತೆಗೆ ಬರುವುದಾದರೆ ಎಂಬ ಷರತ್ತಿನ ಮೇಲೆ, ಕೈಗೂಸು ಸೇರಿ ನಾಲ್ಕು ಮಕ್ಕಳೊಡನೆ ಹೊರಟರು. ನವೆಂಬರ್ ತಿಂಗಳಲ್ಲಿ ಹಡಗು ಬಂಗಾಳ ತಲುಪಿತು.

ವರ್ಷಕ್ಕೆಂದು ತಂದ ಹಣವನ್ನೂ ಸರಕನ್ನೂ ಥಾಮಸ್ ಕೆಲವೇ ವಾರಗಳಲ್ಲಿ ಕರಗಿಸಿದರು. ಥಾಮಸ್ ನಗರದಲ್ಲಿ ಅನುಕೂಲವಾಗಿ ವಾಸಿಸುತ್ತಿದ್ದಾಗ ಕೇರಿಯವರ ಸಂಸಾರ ಊಟಕ್ಕೂ ಪರದಾಡುತ್ತಿತ್ತು. ಆಗ ಮಾಣಿಕ್‌ತಲಾದ ತನ್ನ ತೋಟದ ಚಿಕ್ಕ ಮನೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟವನು ನೀಲು ದತ್ತ ಎಂಬ ಹಿಂದೂ ಲೇವಾದೇವಿಗಾರ. ಪರಧರ್ಮೀಯನೊಬ್ಬನ ಈ ಔದಾರ್ಯ ಕೇರಿಯವರ ಬಂಗಾಳದ ಬದುಕಿನ ಮೊದಲ ಆಸರೆಯಾಯಿತು. ಮುಂದೆ ಸುಂದರಬನದ ಅಂಚಿನಲ್ಲಿ ಕೆಲವು ತಿಂಗಳು, ಬಳಿಕ ಮಾಲ್ದಾ ಸಮೀಪದ ಮದನಬಾಟಿಯಲ್ಲಿ ನೀಲಿ ಕಾರ್ಖಾನೆಯ ವ್ಯವಸ್ಥಾಪಕರಾಗಿ ಐದು ವರ್ಷ ಕಳೆದರು.

ಗಮನಿಸಬೇಕಾದ ಸಂಗತಿಯೆಂದರೆ, ಕೇರಿಯವರು ಥಾಮಸ್ ಅವರನ್ನು ದೂರಮಾಡಲಿಲ್ಲ. ಸಿಟ್ಟು ಬಂದದ್ದುಂಟು, ದಿನಚರಿಯಲ್ಲಿ ಅದರ ಗುರುತುಗಳಿವೆ. ಆದರೆ ಆ ಸಿಟ್ಟು ದ್ವೇಷವಾಗಿ ಬೇರೂರಲಿಲ್ಲ. 1800ರ ಡಿಸೆಂಬರಿನಲ್ಲಿ ಕೃಷ್ಣ ಪಾಲ್ ಎಂಬ ಬಡಗಿಯ ಭುಜದ ಕೀಲು ತಪ್ಪಿದಾಗ ಅದನ್ನು ಕೂರಿಸಿದವರು ಇದೇ ಥಾಮಸ್. ಆ ಕೃಷ್ಣ ಪಾಲ್ ಅದೇ ತಿಂಗಳ 28ರಂದು ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದ. ಬಂಗಾಳದಲ್ಲಿ ಏಳು ವರ್ಷ ದುಡಿದ ಮೇಲೆ ಕೇರಿಯವರಿಗೆ ದೊರೆತ ಮೊದಲ ಫಲ ಅದು. ಹರ್ಷಾತಿರೇಕದಿಂದ ಥಾಮಸ್ ಅವರ ಬುದ್ಧಿ ಕೆಲಕಾಲ ಭ್ರಮಿಸಿತು. ಮರುವರ್ಷ ದಿನಾಜಪುರದಲ್ಲಿ ಅವರು ತೀರಿಕೊಂಡರು. ಕೈಯಲ್ಲಿದ್ದ ಹಣವನ್ನೆಲ್ಲ ಕಳೆದವರೇ ಮೊದಲ ಫಲಕ್ಕೂ ಕಾರಣರಾದರು. ಅವರನ್ನು ಅಂದೇ ಹೊರಗಟ್ಟಿದ್ದರೆ ಈ ಘಟನೆಗೆ ಆಸ್ಪದವೇ ಇರುತ್ತಿರಲಿಲ್ಲ.

ಡೊರೊಥಿಯವರ ಕಥೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. 1794ರಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಪರದೇಶದವರ ಹೆಣವನ್ನು ಮುಟ್ಟಿದರೆ ಜಾತಿ ಕೆಡುವುದೆಂದು ಯಾರೂ ಮುಂದೆ ಬರಲಿಲ್ಲ. ಕೊನೆಗೆ ನಾಲ್ವರು ಮುಸಲ್ಮಾನರು ಗುಂಡಿ ತೋಡಲು ಒಪ್ಪಿದರು. ಅದಕ್ಕಾಗಿ ಅವರು ಊರಿನವರ ಬಹಿಷ್ಕಾರಕ್ಕೆ ಗುರಿಯಾದರು. ಆ ಆಘಾತದ ಬಳಿಕ ಡೊರೊಥಿಯವರ ಮನಸ್ಸು ಕೆಟ್ಟಿತು. ಗಂಡನ ಮೇಲೆ ಸಲ್ಲದ ಸಂಶಯ, ಬೀದಿಯಲ್ಲಿ ಹಿಂಬಾಲಿಸಿ ನಿಂದಿಸುವುದು, ಕೆಲವೊಮ್ಮೆ ಕೈಮಾಡುವುದು ನಡೆಯಿತು. 1807ರ ಡಿಸೆಂಬರಿನಲ್ಲಿ ಸಾಯುವವರೆಗೆ ಅವರು ಹೆಚ್ಚುಕಡಿಮೆ ಒಂದು ಕೋಣೆಯೊಳಗೇ ಇದ್ದರು. ಪಕ್ಕದ ಕೋಣೆಯಲ್ಲಿ ಪತಿ ಧರ್ಮಗ್ರಂಥದ ಭಾಷಾಂತರ ಮಾಡುತ್ತಿದ್ದರು.

ಕೇರಿಯವರು ಪತ್ನಿಯನ್ನು ಸಹಿಸಿದರು, ಮನೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡರು ಎಂದು ಜೀವನಚರಿತ್ರಕಾರರು ಹೊಗಳುತ್ತಾರೆ. ಅದು ನಿಜ. ಆದರೆ ಇಲ್ಲಿ ಕ್ಷಮಿಸಬೇಕಾದವರು ಯಾರು, ಕ್ಷಮೆ ಕೇಳಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಬರಲೊಲ್ಲೆನೆಂದ ಹೆಣ್ಣನ್ನು ಹದಿನೈದು ಸಾವಿರ ಮೈಲಿ ದೂರಕ್ಕೆ ಕರೆತಂದ ಹೊಣೆ ಪತಿಯದೇ. ಮದುವೆಯ ದಿನ ಹೆಸರು ಬರೆಯಲಾರದೆ ಗುರುತು ಹಾಕಿದ್ದ ಡೊರೊಥಿ ತನ್ನ ಮನಸ್ಸನ್ನು ಕಾಗದದ ಮೇಲೆ ಇರಿಸಿ ಹೋಗಲಿಲ್ಲ. ಆದ್ದರಿಂದ ಈ ಲೆಕ್ಕದ ಒಂದು ಪುಟ ಖಾಲಿಯಾಗಿಯೇ ಇದೆ. ಮಹಾಪುರುಷರ ಜೀವನವನ್ನು ಓದುವಾಗ ಈ ಖಾಲಿ ಪುಟವನ್ನೂ ತಿರುವಿ ನೋಡುವುದು ನ್ಯಾಯ.

ಶನಿವಾರದ ಸಂಜೆ

1800ರ ಜನವರಿ 10ರಂದು ಕೇರಿಯವರು ಶ್ರೀರಾಂಪುರಕ್ಕೆ ಬಂದರು. ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನು ತನ್ನ ನೆಲದಲ್ಲಿ ಇರಗೊಡುತ್ತಿರಲಿಲ್ಲ. ಶ್ರೀರಾಂಪುರ ಆಗ ಡೆನ್ಮಾರ್ಕಿನವರ ವಸಾಹತು. ಶಾಲಾ ಶಿಕ್ಷಕ ಜೋಶುವಾ ಮಾರ್ಷ್‌ಮನ್, ಅವರ ಪತ್ನಿ ಹನ್ನಾ, ಮುದ್ರಕ ವಿಲಿಯಂ ವಾರ್ಡ್ ಮೊದಲಾದವರು ಅದಾಗಲೇ ಅಲ್ಲಿಗೆ ಬಂದಿದ್ದರು. ಎಲ್ಲರೂ ಒಂದೇ ದೊಡ್ಡ ಮನೆಯಲ್ಲಿ, ಒಂದೇ ಅಡುಗೆಯಲ್ಲಿ, ಒಂದೇ ಹಣದ ಪೆಟ್ಟಿಗೆಯಲ್ಲಿ ಬಾಳುವುದೆಂದು ನಿರ್ಧರಿಸಿದರು.

ಅವಿಭಕ್ತ ಕುಟುಂಬದ ಕಷ್ಟಸುಖ ಬಲ್ಲ ನಮಗೆ ಇದರ ಕಠಿಣತೆಯನ್ನು ವಿವರಿಸಬೇಕಾಗಿಲ್ಲ. ರಕ್ತಸಂಬಂಧವೇ ಇಲ್ಲದ ಹಲವು ಸಂಸಾರಗಳು ಒಂದು ಸೂರಿನಡಿ ಸೇರಿದರೆ ಪಾತ್ರೆಗೆ ಪಾತ್ರೆ ತಾಗದಿರುತ್ತದೆಯೇ? ಅವರಿಗೂ ಇದು ಗೊತ್ತಿತ್ತು. ಬಂದ ಮೊದಲ ತಿಂಗಳಲ್ಲೇ ಒಂದು ನಿಯಮ ಮಾಡಿಕೊಂಡರು. ಪ್ರತಿ ಶನಿವಾರ ಸಂಜೆ ಎಲ್ಲರೂ ಒಟ್ಟಿಗೆ ಕೂಡಬೇಕು. ಆ ವಾರ ಯಾರಿಗೆ ಯಾರ ಮೇಲೆ ಅಸಮಾಧಾನವಿದೆಯೋ ಅದನ್ನು ಅಲ್ಲಿಯೇ ಹೇಳಿ ಬಗೆಹರಿಸಿಕೊಳ್ಳಬೇಕು. ಪರಸ್ಪರ ಪ್ರೀತಿಯ ಮಾತು ಕೊಟ್ಟೇ ಭಾನುವಾರದ ಆರಾಧನೆಗೆ ಹೋಗಬೇಕು. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬ ಯೇಸುವಿನ ಬೋಧನೆ ಹೀಗೆ ಒಂದು ಮನೆಯ ವಾರದ ದಿನಚರಿಯಾಯಿತು.

ಈ ಪದ್ಧತಿಯ ಗುಟ್ಟು ಸರಳವಾದದ್ದು. ನಾವು ಕ್ಷಮೆಯನ್ನು ದೊಡ್ಡ ಮನಸ್ಸಿನವರ ವಿಶೇಷ ಗುಣವೆಂದು ಭಾವಿಸುತ್ತೇವೆ. ಅವರಾದರೋ ಅದನ್ನು ಮನೆ ಗುಡಿಸುವಂತೆ ನಿಯತವಾಗಿ ಮಾಡಬೇಕಾದ ಕೆಲಸವೆಂದು ತಿಳಿದರು. ಒಂದು ವಾರದ ಕಸ ಚಿಕ್ಕದು. ಹತ್ತು ವರ್ಷದ ಕಸ ಗೋಡೆಯಾಗುತ್ತದೆ. 1805ರಲ್ಲಿ ತಮ್ಮ ತತ್ತ್ವಗಳನ್ನು ಒಂದು ಒಪ್ಪಂದದ ರೂಪದಲ್ಲಿ ಬರೆದು, ವರ್ಷಕ್ಕೆ ಮೂರು ಬಾರಿ ಪ್ರತಿ ಕೇಂದ್ರದಲ್ಲೂ ಓದಬೇಕೆಂದು ಗೊತ್ತುಮಾಡಿದರು. 1823ರಲ್ಲಿ ವಾರ್ಡ್ ಕಾಲರಾದಿಂದ ತೀರಿಕೊಳ್ಳುವವರೆಗೆ, ಇಪ್ಪತ್ತಮೂರು ವರ್ಷಗಳ ಕಾಲ, ಮೂರು ಭಿನ್ನ ಸ್ವಭಾವದ ಈ ಮಿತ್ರರ ನಡುವೆ ಒಡಕು ಬರಲಿಲ್ಲ.

ಈ ಮನೆಯ ಊಟದ ಪಂಕ್ತಿಯಲ್ಲಿ ಜಾತಿಯ ಗೋಡೆಯೂ ಸಡಿಲವಾಯಿತು. 1803ರಲ್ಲಿ ಬಡಗಿ ಕೃಷ್ಣ ಪಾಲನ ಮಗಳನ್ನು ಬ್ರಾಹ್ಮಣ ಕುಲದಿಂದ ಬಂದ ಕೃಷ್ಣ ಪ್ರಸಾದ ಮದುವೆಯಾದ. ಅದೇ ವರ್ಷ ಗೋಕುಲ ಎಂಬ ಸಹೋದರ ಸತ್ತಾಗ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಮಾರ್ಷ್‌ಮನ್, ಕೇರಿಯವರ ಮಗ ಫೆಲಿಕ್ಸ್, ಒಬ್ಬ ಬ್ರಾಹ್ಮಣ ಮೂಲದವನು, ಒಬ್ಬ ಮುಸ್ಲಿಂ ಮೂಲದವನು. ಒಂಬತ್ತು ವರ್ಷಗಳ ಹಿಂದೆ ಪುಟ್ಟ ಪೀಟರನ ದೇಹವನ್ನು ಹೊರಲು ಒಬ್ಬರೂ ಸಿಗದಿದ್ದುದನ್ನು ನೆನೆದರೆ, ಆ ನಾಲ್ಕು ಹೆಗಲುಗಳ ಅರ್ಥ ತಿಳಿಯುತ್ತದೆ.

ಮುನ್ಷಿ ಮತ್ತು ಮಗ

ಕೇರಿಯವರಿಗೆ ಬಂಗಾಳಿ ಕಲಿಸಿದ ಮುನ್ಷಿ ರಾಮರಾಮ ಬಸು ಪ್ರತಿಭಾವಂತ. 1796ರಲ್ಲಿ ನೈತಿಕ ಲೋಪವೊಂದು ಬಯಲಾದಾಗ ಕೇರಿಯವರು ಆತನನ್ನು ಕೆಲಸದಿಂದ ತೆಗೆದರು. ತಪ್ಪನ್ನು ತಪ್ಪೆನ್ನುವುದರಲ್ಲಿ ಅವರು ಮೃದುವಾಗಲಿಲ್ಲ. ಆದರೆ ನಾಲ್ಕು ವರ್ಷಗಳ ನಂತರ ಬಸು ಶ್ರೀರಾಂಪುರಕ್ಕೆ ಬಂದಾಗ ಬಾಗಿಲು ತೆರೆದೇ ಇತ್ತು. 1801ರಲ್ಲಿ ಕೇರಿಯವರು ಕೋಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಅಧ್ಯಾಪಕರಾದಾಗ ಬಸುವನ್ನೂ ಅಲ್ಲಿಗೆ ಸೇರಿಸಿಕೊಂಡರು. ಅದೇ ವರ್ಷ ಬಸು ಬರೆದ ರಾಜಾ ಪ್ರತಾಪಾದಿತ್ಯನ ಚರಿತ್ರೆ ಅಚ್ಚಾಯಿತು. ಬಂಗಾಳಿಯೊಬ್ಬ ರಚಿಸಿ ಅಚ್ಚಾದ ಮೊದಲ ಬಂಗಾಳಿ ಗದ್ಯಕೃತಿಯೆಂದು ಸಾಹಿತ್ಯ ಚರಿತ್ರೆ ಅದನ್ನು ಗುರುತಿಸುತ್ತದೆ. ಬಸು ಕೊನೆಯವರೆಗೂ ಕ್ರೈಸ್ತನಾಗಲಿಲ್ಲ. ಆ ಕಾರಣಕ್ಕೆ ಅವರ ಸ್ನೇಹಕ್ಕೆ ಕೊರತೆಯೂ ಬರಲಿಲ್ಲ.

ಹಿರಿಯ ಮಗ ಫೆಲಿಕ್ಸ್ ಬರ್ಮಾಕ್ಕೆ ಹೋಗಿ ಧರ್ಮಸೇವೆಯಲ್ಲಿದ್ದವನು. 1814ರಲ್ಲಿ ದೋಣಿ ಮುಳುಗಿ ಅವನ ಹೆಂಡತಿ ಮಕ್ಕಳು ಐರಾವತಿ ನದಿಯ ಪಾಲಾದರು. ಆ ಬಳಿಕ ಅವನು ಬರ್ಮಾ ರಾಜನ ರಾಯಭಾರಿಯಾಗಿ ಕೋಲ್ಕತ್ತಾಕ್ಕೆ ಬಂದು ದರ್ಬಾರಿನ ಠೀವಿಯಲ್ಲಿ ಮೆರೆದ. ಧರ್ಮದೂತ ಕೇವಲ ರಾಜದೂತನಾದನೆಂದು ತಂದೆಯ ಕರುಳು ನೊಂದಿತು. ಸಾಲ ಬೆಳೆಯಿತು, ರಾಜನ ಕೃಪೆ ತಪ್ಪಿತು, ಫೆಲಿಕ್ಸ್ ಪೂರ್ವದ ಗಡಿನಾಡುಗಳಲ್ಲಿ ಮೂರು ವರ್ಷ ಅಲೆದ. 1818ರಲ್ಲಿ ಚಿತ್ತಗಾಂಗಿನಲ್ಲಿ ಅವನನ್ನು ಕಂಡು ಮನೆಗೆ ಮರಳುವಂತೆ ಒಪ್ಪಿಸಿದವರು ವಾರ್ಡ್. ಹದಿಹರೆಯದಲ್ಲಿಯೂ ಆ ಹುಡುಗನನ್ನು ತಿದ್ದಿದವರು ಅವರೇ. ತಂದೆ ಮಗನನ್ನು ಬರಮಾಡಿಕೊಂಡರು. ಬೈಬಲಿನ ತಪ್ಪಿಹೋದ ಮಗನ ಕಥೆಯನ್ನು ಹಲವು ಭಾಷೆಗಳಿಗೆ ತಂದವರಿಗೆ ಅದನ್ನು ಬಾಳಿನಲ್ಲಿಯೂ ಭಾಷಾಂತರಿಸುವ ದಿನ ಬಂದಿತ್ತು. ಮುಂದಿನ ನಾಲ್ಕು ವರ್ಷ ಫೆಲಿಕ್ಸ್ ತಂದೆಯ ಬಳಿಯಲ್ಲಿಯೇ ದುಡಿದ. ಬಂಗಾಳಿಯಲ್ಲಿ ವಿಶ್ವಕೋಶವೊಂದನ್ನು ಆರಂಭಿಸಿ ಶರೀರಶಾಸ್ತ್ರದ ಸಂಪುಟ ಹೊರತಂದ. 1822ರ ನವೆಂಬರಿನಲ್ಲಿ ತೀರಿಕೊಂಡ. ಅಲೆದಾಡುವಾಗಲೇ ಸತ್ತಿದ್ದರೆ ತಂದೆಗೆ ಉಳಿಯುತ್ತಿದ್ದುದು ಬರಿಯ ಪಶ್ಚಾತ್ತಾಪ.

ಕ್ಷಮೆ ಕೇಳಿದ ದಿನ

ಕ್ಷಮಿಸುವುದಕ್ಕಿಂತ ಕ್ಷಮೆ ಕೇಳುವುದು ಕಷ್ಟ. 1807ರಲ್ಲಿ ಶ್ರೀರಾಂಪುರದ ಮುದ್ರಣಾಲಯದಿಂದ ಪರ್ಷಿಯನ್ ಭಾಷೆಯ ಕಿರುಹೊತ್ತಗೆಯೊಂದು ಹೊರಬಂದಿತು. ಇಸ್ಲಾಂ ಧರ್ಮದ ಪ್ರವಾದಿಯವರನ್ನು ನಿಂದಿಸುವ ಪದಗಳು ಅದರಲ್ಲಿ ಸೇರಿಕೊಂಡಿದ್ದವು. ಗವರ್ನರ್ ಜನರಲ್ ಲಾರ್ಡ್ ಮಿಂಟೋ ಅವರ ಸರ್ಕಾರ ಸಿಟ್ಟಾಗಿ, ಮುದ್ರಣಾಲಯವನ್ನೇ ಕೋಲ್ಕತ್ತಾಕ್ಕೆ ಸಾಗಿಸಬೇಕೆಂದು ಆಜ್ಞಾಪಿಸಿತು. ಡೇನಿಷ್ ಗವರ್ನರ್ ಕ್ರೆಫ್ಟಿಂಗ್ ತಮ್ಮ ರಕ್ಷಣೆ ಕೊಡಲು ಸಿದ್ಧರಿದ್ದರು. ಆ ಬಲದ ಮೇಲೆ ಹಟ ಹಿಡಿಯಬಹುದಿತ್ತು. ಕೇರಿ ಮತ್ತು ಮಾರ್ಷ್‌ಮನ್ ಮಿಂಟೋ ಅವರನ್ನು ಕಂಡು ತಪ್ಪು ಒಪ್ಪಿಕೊಂಡರು, ವಿಷಾದ ಸೂಚಿಸಿದರು. ಆಜ್ಞೆ ಹಿಂತೆಗೆಯಲ್ಪಟ್ಟಿತು.

ಈ ನೆಲದ ಧರ್ಮಗಳ ಬಗೆಗೆ ಆ ಕಾಲದ ಮಿಷನರಿಗಳು ಆಡಿದ ಕಟುನುಡಿಗಳು ಇದೊಂದೇ ಅಲ್ಲ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದೇ ಕೇರಿಯವರು ಸಂಸ್ಕೃತ ಪಂಡಿತರ ಬಳಿ ಶಿಷ್ಯನಂತೆ ಕುಳಿತರು. ವಾಲ್ಮೀಕಿ ರಾಮಾಯಣವನ್ನು ಮಾರ್ಷ್‌ಮನ್ ಜೊತೆಗೂಡಿ ಅಚ್ಚಿಗೆ ತಂದರು. ಕೃತ್ತಿವಾಸ ರಾಮಾಯಣವನ್ನು ಅವರ ಮುದ್ರಣಾಲಯ ಮುದ್ರಿಸಿತು. ಸಹಗಮನ ನಿಷೇಧದ 1829ರ ಡಿಸೆಂಬರ್ ಶಾಸನ ಬಂಗಾಳಿಗೆ ಅನುವಾದವಾಗಬೇಕೆಂದು ಭಾನುವಾರ ಬೆಳಿಗ್ಗೆ ಅವರ ಕೈ ಸೇರಿದಾಗ, ಅಂದಿನ ಉಪದೇಶವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಸಂಜೆಯೊಳಗೆ ಅನುವಾದ ಮುಗಿಸಿದರು. ತಡವಾದ ಒಂದೊಂದು ಗಂಟೆಯೂ ಒಬ್ಬ ವಿಧವೆಯ ಪ್ರಾಣವೆಂಬುದು ಅವರ ಭಾವನೆಯಾಗಿತ್ತು.

ಬೆಂಕಿ ಮತ್ತು ಕನ್ನಡ

1812ರ ಮಾರ್ಚ್ 11ರ ಸಂಜೆ ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕೇರಿಯವರು ಕೋಲ್ಕತ್ತಾದಲ್ಲಿದ್ದರು. ಸುದ್ದಿ ತಂದ ಮಾರ್ಷ್‌ಮನ್‌ಗೆ ಮಾತೇ ಹೊರಡಲಿಲ್ಲ. ಹದಿನಾಲ್ಕು ಭಾಷೆಗಳ ಅಚ್ಚುಮೊಳೆ, ಇಂಗ್ಲೆಂಡಿನಿಂದ ಬಂದ ಕಾಗದದ ರಾಶಿ, ಹಸ್ತಪ್ರತಿಗಳು ಬೂದಿಯಾದವು. ನಷ್ಟ ಸುಮಾರು 70,000 ರೂಪಾಯಿ. ಸಂಸ್ಕೃತ ಮೂಲದ ಭಾಷೆಗಳ ಬೃಹತ್ ಬಹುಭಾಷಾ ನಿಘಂಟಿನ ಸಾಮಗ್ರಿ ಹೋಯಿತು. ಅವರು ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಉರಿದುಹೋಯಿತು.

ಕೇರಿಯವರು ಯಾರನ್ನೂ ದೂಷಿಸಲಿಲ್ಲ. ಮುದ್ರಣಯಂತ್ರಗಳು ಉಳಿದಿದ್ದವು, ಬೂದಿಯಡಿಯಲ್ಲಿ ಅಚ್ಚುಮೊಳೆಯ ಪಡಿಯಚ್ಚುಗಳು ಕೆಡದೆ ಸಿಕ್ಕವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದರು. ಬ್ರಿಟನ್ನಿನಲ್ಲಿ ಸುದ್ದಿ ತಲುಪಿದ ಎರಡು ತಿಂಗಳೊಳಗೆ ನಷ್ಟದ ಹಣವೆಲ್ಲ ಕೂಡಿತು. ಪಂಡಿತರ ನೆರವಿನಿಂದ ಕನ್ನಡದ ಕೆಲಸವನ್ನು ಮೊದಲಿನಿಂದ ಆರಂಭಿಸಿದರು. ಐದು ವರ್ಷಗಳ ನಂತರ ಕನ್ನಡ ವ್ಯಾಕರಣ ಹೊರಬಂದಿತು. ಕನ್ನಡನಾಡಿಗೆ ಎಂದೂ ಕಾಲಿಡದ ವ್ಯಕ್ತಿಯೊಬ್ಬರು ಹೂಗ್ಲಿಯ ದಡದಲ್ಲಿ ಕುಳಿತು ನಮ್ಮ ನಾಮಪದ ಕ್ರಿಯಾಪದಗಳನ್ನು ಬೂದಿಯಿಂದ ಎತ್ತಿ ಜೋಡಿಸಿದರೆಂಬುದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಹೆಮ್ಮೆಯೂ ಹೌದು, ಋಣವೂ ಹೌದು.

ಬೆಂಕಿಗಿಂತ ದೊಡ್ಡ ಒಡಕು

ಬೆಂಕಿಯನ್ನು ಗೆದ್ದ ಮನೆ ಹಣ ಮತ್ತು ಅಧಿಕಾರದ ಜಗಳಕ್ಕೆ ಸಿಕ್ಕಿ ನಲುಗಿತು. 1815ರಲ್ಲಿ ಇಂಗ್ಲೆಂಡಿನ ಸೊಸೈಟಿಯ ಕಾರ್ಯದರ್ಶಿ, ಕೇರಿಯವರ ಆಪ್ತ ಆಂಡ್ರ್ಯೂ ಫುಲ್ಲರ್ ತೀರಿಕೊಂಡರು. ಅವರಿರುವವರೆಗೆ ನಂಬಿಕೆಯಿಂದ ನಡೆದ ವ್ಯವಹಾರವನ್ನು ಹೊಸ ಸಮಿತಿ ಕಾಗದಪತ್ರಗಳಿಂದ ಅಳೆಯಲು ಹೊರಟಿತು. ಶ್ರೀರಾಂಪುರದ ಆಸ್ತಿ ಯಾರದು, ಧರ್ಮದರ್ಶಿಗಳು ಯಾರಾಗಬೇಕು ಎಂಬ ಪ್ರಶ್ನೆ ಎದ್ದಿತು. ಆ ಆಸ್ತಿ ಬಹುಪಾಲು ಮೂವರು ದುಡಿದು ಗಳಿಸಿದ್ದು. ತಮ್ಮ ಮಕ್ಕಳಿಗೆ ಅದರಲ್ಲಿ ಹಕ್ಕಿಲ್ಲವೆಂದು ಅವರೇ ಬರೆದುಕೊಟ್ಟಿದ್ದರು. ಕೇರಿಯವರು ಕಾಲೇಜಿನ ಸಂಬಳದ ಬಹುಭಾಗವನ್ನು, ಮಾರ್ಷ್‌ಮನ್ ದಂಪತಿಗಳು ಶಾಲೆಗಳ ವರಮಾನವನ್ನು ಸಾಮಾನ್ಯ ನಿಧಿಗೆ ಸುರಿಯುತ್ತಿದ್ದರು. ಆದರೂ ಅವರು ಐಶ್ವರ್ಯ ಕೂಡಿಡುತ್ತಿದ್ದಾರೆಂಬ ಅಪವಾದ ಹಬ್ಬಿತು.

ಹೊಸದಾಗಿ ಬಂದ ತರುಣರಿಗೆ ಹಿರಿಯರ ಹಿಡಿತ ಸಹಿಸದಾಯಿತು. ಯೇಟ್ಸ್, ಪಿಯರ್ಸ್ ಮೊದಲಾದವರು ಕೋಲ್ಕತ್ತಾದಲ್ಲಿ ಪ್ರತ್ಯೇಕ ಸಂಘ ಕಟ್ಟಿದರು. ಬೇರೆ ಶಾಲೆ, ಬೇರೆ ಮುದ್ರಣಾಲಯ, ಬೇರೆ ಆರಾಧನೆ. ಅವರಲ್ಲಿ ಕೇರಿಯವರ ಸ್ವಂತ ತಮ್ಮನ ಮಗ ಯೂಸ್ಟೇಸ್ ಕೂಡ ಇದ್ದನೆಂಬುದು ವೃದ್ಧರ ಎದೆಗೆ ನೆಟ್ಟ ಮುಳ್ಳು. 1827ರಲ್ಲಿ ಶ್ರೀರಾಂಪುರಕ್ಕೂ ಲಂಡನ್ನಿನ ಸೊಸೈಟಿಗೂ ಸಂಬಂಧ ಅಧಿಕೃತವಾಗಿ ಕಡಿದುಹೋಯಿತು. ತಾವೇ ನೆಟ್ಟ ಮರದಿಂದ ಕೇರಿಯವರು ಹೊರಗಾದರು.

ಇಲ್ಲಿ ತಪ್ಪು ಒಂದೇ ಕಡೆಯದೆಂದು ಹೇಳಲಾಗದು. ಹಿರಿಯರು ಕಿರಿಯರಿಗೆ ಜವಾಬ್ದಾರಿ ಬಿಟ್ಟುಕೊಡಲು ತಡಮಾಡಿದರು. ಶನಿವಾರದ ಸಂಜೆಯ ನಿಯಮ ಒಂದು ಸೂರಿನಡಿಯ ಜನರನ್ನು ಬೆಸೆದಿತ್ತು. ನಾಲ್ಕೈದು ತಿಂಗಳಿಗೊಮ್ಮೆ ಹಡಗಿನಲ್ಲಿ ಬರುವ ಪತ್ರಗಳಿಗೆ ಆ ಶಕ್ತಿ ಇರಲಿಲ್ಲ. ಎದುರು ಕುಳಿತರೆ ಅರ್ಧ ಗಂಟೆಯಲ್ಲಿ ತೀರುವ ಸಂಶಯ ಸಮುದ್ರ ದಾಟುವಷ್ಟರಲ್ಲಿ ಆರೋಪವಾಗುತ್ತಿತ್ತು. ಕೇರಿಯವರ ಪತ್ರಗಳಲ್ಲಿ ನೋವು ಎದ್ದು ಕಾಣುತ್ತದೆ. ಆದರೂ ಅವರು ಹೆಚ್ಚು ನಿಂದೆಗೆ ಗುರಿಯಾದ ಮಾರ್ಷ್‌ಮನ್ ಅವರ ಕೈ ಬಿಡಲಿಲ್ಲ. ಕೋಲ್ಕತ್ತಾದ ತರುಣರೊಡನೆ ವೈಯಕ್ತಿಕ ಬಾಂಧವ್ಯವನ್ನೂ ಕಡಿದುಕೊಳ್ಳಲಿಲ್ಲ. ಮುಂದೆ ಕೇರಿಯವರ ಬಂಗಾಳಿ ಬೈಬಲನ್ನು ಪರಿಷ್ಕರಿಸಿ ಮುಂದುವರಿಸಿದವರು ಅದೇ ಯೇಟ್ಸ್. ಕೇರಿಯವರ ಸ್ಮರಣಗ್ರಂಥವನ್ನು 1836ರಲ್ಲಿ ಹೊರತಂದವನು ಅದೇ ಯೂಸ್ಟೇಸ್.

ಕೊನೆಯ ವರ್ಷಗಳಲ್ಲಿ ಬಡತನವೂ ಬಂದಿತು. ಕೋಲ್ಕತ್ತಾದ ಏಜೆನ್ಸಿ ಹೌಸುಗಳು ಆ ಕಾಲದ ಬ್ಯಾಂಕುಗಳಿದ್ದಂತೆ. ಜನರಿಂದ ಠೇವಣಿ ಪಡೆದು ನೀಲಿಯ ವ್ಯಾಪಾರಕ್ಕೆ ಸುರಿಯುತ್ತಿದ್ದವು. ಠೇವಣಿಗೆ ವಿಮೆಯಿಲ್ಲ, ಮೇಲ್ವಿಚಾರಣೆಯ ರಿಸರ್ವ್ ಬ್ಯಾಂಕ್ ಇಲ್ಲ. 1830ರ ಜನವರಿಯಲ್ಲಿ ಪಾಮರ್ ಕಂಪನಿ ಮುಳುಗಿತು. ನಾಲ್ಕು ವರ್ಷಗಳೊಳಗೆ ಉಳಿದ ದೊಡ್ಡ ಸಂಸ್ಥೆಗಳೂ ಬಿದ್ದವು. ಶ್ರೀರಾಂಪುರದ ನಿಧಿಗಳೂ ಅದರಲ್ಲಿ ಕರಗಿದವು. ಅದೇ ಸಮಯಕ್ಕೆ ಫೋರ್ಟ್ ವಿಲಿಯಂ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ರದ್ದಾಗಿ, ತಿಂಗಳ ಸಾವಿರ ರೂಪಾಯಿಯ ಸಂಬಳ ಐನೂರರ ಪಿಂಚಣಿಯಾಯಿತು. ಕೂಡಿಟ್ಟಿದ್ದಾರೆಂಬ ಆರೋಪಕ್ಕೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ತಡವಾಗಿ ಬಂದ ಸಂಧಾನ

1834ರ ಜೂನ್ 9ರ ಮುಂಜಾನೆ ಕೇರಿಯವರು ತೀರಿಕೊಂಡರು. ಬಂಗಾಳಕ್ಕೆ ಬಂದ ನಲವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಅವರು ತಾಯ್ನಾಡಿಗೆ ಹಿಂದಿರುಗಿರಲಿಲ್ಲ. ತಮ್ಮನ್ನು ಹೊಗಳಿದ ತರುಣ ಮಿಷನರಿ ಅಲೆಕ್ಸಾಂಡರ್ ಡಫ್‌ಗೆ, ನಾನು ಹೋದ ಮೇಲೆ ಕೇರಿಯ ಮಾತಾಡಬೇಡ, ಕೇರಿಯ ರಕ್ಷಕನ ಮಾತಾಡು ಎಂಬ ಅರ್ಥದಲ್ಲಿ ಕೇಳಿಕೊಂಡರಂತೆ. ಸಮಾಧಿಯ ಮೇಲೆ ಹೆಸರು, ಜನನ ಮರಣದ ದಿನ, ಮತ್ತು ತಾನೊಬ್ಬ ದೀನ ಪಾಪಿ, ದೇವರ ಕೃಪೆಯ ತೋಳಿಗೆ ಬಿದ್ದವನು ಎಂಬ ಭಾವದ ಒಂದು ಕೀರ್ತನೆಯ ಸಾಲನ್ನು ಮಾತ್ರ ಕೆತ್ತಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ಖೋಟಾ ಷಿಲಿಂಗಿನ ಹುಡುಗ ಎಪ್ಪತ್ತೆರಡರ ವಯಸ್ಸಿನಲ್ಲೂ ಅವರೊಳಗೆ ಇದ್ದ.

ಶ್ರೀರಾಂಪುರ ಮತ್ತು ಲಂಡನ್ ಸೊಸೈಟಿ ಮತ್ತೆ ಒಂದಾದದ್ದು 1837ರ ಡಿಸೆಂಬರಿನಲ್ಲಿ. ಮೂವರಲ್ಲಿ ಕೊನೆಯವರಾದ ಮಾರ್ಷ್‌ಮನ್ ಅದೇ ತಿಂಗಳ 5ರಂದು ಕಣ್ಣುಮುಚ್ಚಿದರು. ಸಂಧಾನದ ವಾರ್ತೆ ಸಮುದ್ರ ದಾಟಿ ಬರುವ ವೇಳೆಗೆ ಅದಕ್ಕಾಗಿ ಹಂಬಲಿಸಿದ ಮೂವರೂ ಶ್ರೀರಾಂಪುರದ ಮಣ್ಣಿನಲ್ಲಿದ್ದರು. ಇಪ್ಪತ್ತು ವರ್ಷಗಳ ಜಗಳ ತೀರಿತು. ತೀರಿದ್ದನ್ನು ನೋಡುವ ಭಾಗ್ಯ ಯಾರಿಗೂ ಇರಲಿಲ್ಲ.

ಕೇರಿಯವರ ಹೆಸರು ಇಂದು ಹಲವೆಡೆ ಉಳಿದಿದೆ. ಬೌಬಜಾರಿನಲ್ಲಿ 1809ರಲ್ಲಿ ತೆರೆದ ಪ್ರಾರ್ಥನಾ ಮಂದಿರಕ್ಕೆ ಅವರ ಹೆಸರಿದೆ; 1820ರಲ್ಲಿ ಅವರು ಸ್ಥಾಪಿಸಿದ ಕೃಷಿ ಮತ್ತು ತೋಟಗಾರಿಕಾ ಸಂಘದ ಉದ್ಯಾನ ಅಲಿಪುರದಲ್ಲಿದೆ. ನಮ್ಮ ಮಲೆನಾಡಿನ ಕೌಲು ಮರದ ಸಸ್ಯಶಾಸ್ತ್ರೀಯ ಹೆಸರಿನಲ್ಲೂ ಕೇರಿ ಇದ್ದಾರೆ. ಅದನ್ನು ಶಾಸ್ತ್ರಜ್ಞರು ಕೇರಿಯಾ ಅರ್ಬೋರಿಯಾ ಎನ್ನುತ್ತಾರೆ.

ಈ ಎಲ್ಲ ಸ್ಮಾರಕಗಳಿಗಿಂತ ನಮ್ಮ ಮನೆಗಳಿಗೆ ಹೆಚ್ಚು ಬಳಕೆಗೆ ಬರುವುದು ಆ ಶನಿವಾರದ ಸಂಜೆಯೇ ಎಂದು ತೋರುತ್ತದೆ. ಆಸ್ತಿ ಪಾಲಿನ ದಿನ ಮಾತು ಬಿಟ್ಟ ಅಣ್ಣತಮ್ಮಂದಿರು, ಸಂಘದ ಪದಾಧಿಕಾರಕ್ಕಾಗಿ ಎದುರುಬದುರಾದ ಹಳೆಯ ಸ್ನೇಹಿತರು ಯಾವ ಊರಿನಲ್ಲಿಲ್ಲ? ಯಾರದು ಸರಿ ಎಂಬ ತೀರ್ಪಿಗಾಗಿ ಕಾಯುತ್ತ ಕುಳಿತರೆ ವರ್ಷಗಳು ಉರುಳುತ್ತವೆ. ಥಾಮಸ್, ಬಸು, ಫೆಲಿಕ್ಸ್ ಇವರ ವಿಷಯದಲ್ಲಿ ಕೇರಿಯವರು ತೀರ್ಪಿಗಾಗಿ ಕಾಯಲಿಲ್ಲ. ಅಲ್ಲೆಲ್ಲ ಬದುಕು ಮತ್ತೆ ಚಿಗುರಿತು. ಎರಡೂ ಕಡೆಯವರು ತೀರ್ಪಿಗಾಗಿ ಕಾದ ಒಂದು ವಿಷಯದಲ್ಲಿ ಮಾತ್ರ ಸಂಧಾನ ಸಮಾಧಿಯ ಬಾಗಿಲಿಗೆ ಬಂದಿತು. ಕೃಪೆಗೆ ಕಾಲಮಿತಿ ಇಲ್ಲವೆಂದು ನಂಬಿಕೆಯುಳ್ಳವರು ಹೇಳುತ್ತಾರೆ. ಆಯುಷ್ಯಕ್ಕಂತೂ ಇದೆ.